ಎಲೆ ಒಗೆದ ದುರಗಪ್ಪ

ಹಳೇ ಹುಬ್ಬಳ್ಳಿಯಲ್ಲಿ ದುರಗಪ್ಪ ಎಂಬ ಹೆಸರಿನವರು ಓಣಿಗೊಬ್ಬರಿದ್ದರು. ಆದರೂ ಯಾವ ದುರಗಪ್ಪ ಎಂದು ಯಾರಾದರೂ ಕೇಳಿದರೆ ತೊಡಕಾಗುತ್ತಿರಲಿಲ್ಲ. "ಎಲಿ ಒಗದ ದುರಗಪ್ಪನೇನು? ಅಲ್ಲೇ ಗಿರಣ್ಯಾಗ ಅದಾನ ನೋಡ್ರಿ" ಎಂದು ಪಾನಂಗಡಿಯವನು ಕೈ ತೋರಿಸುತ್ತಿದ್ದ. ತೋರಿಸುವಾಗ ಅವನ ಮೀಸೆಯ ಕೆಳಗೆ ಒಂದು ನಗು ಸುಳಿದು ಹೋಗುತ್ತಿತ್ತು. ಆ ನಗು ದುರಗಪ್ಪನಿಗೆ ಗಿರಣಿಯ ಒಳಗೆ ಕೂತರೂ ಕಾಣುತ್ತಿತ್ತು.

ಹೆಸರು ಅಂಟಿಕೊಂಡದ್ದು ಕೆಲವು ವರ್ಷಗಳ ಹಿಂದೆ, ಒಂದು ದೀಪಾವಳಿ ಪಾಡ್ಯದ ಮಧ್ಯಾಹ್ನ. ಆಗ ಹಿಟ್ಟಿನ ಗಿರಣಿಯಲ್ಲಿ ಅರ್ಧ ಪಾಲು ದುರಗಪ್ಪನದು, ಅರ್ಧ ಗಿರಿಯಪ್ಪನದು. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು, ಒಂದೇ ಬಾವಿಯಲ್ಲಿ ಈಜು ಕಲಿತವರು. ಎಣ್ಣೆ ಎಂಜಿನ್ನಿನ ಮೇಲೆ ಶುರು ಮಾಡಿದ ಗಿರಣಿಗೆ ಕರೆಂಟಿನ ಮೋಟರು ಕೂಡಿಸಿದ ವರ್ಷ ಅದು. ಪ್ರತಿ ಪಾಡ್ಯಕ್ಕೆ ಹೋಳಿಗೆ ಊಟ ಮುಗಿಸಿ ಗಿರಣಿಯ ಅಟ್ಟದ ಮೇಲೆ ಇಸ್ಪೀಟಿಗೆ ಕೂಡುವುದು ಅವರ ವಾಡಿಕೆ. ಆಟ ಸರಳ. ಒಬ್ಬೊಬ್ಬರಿಗೆ ಮೂರು ಎಲೆ. ಮೂರೂ ಒಂದೇ ತರದವು ಬಂದರೆ ಅದಕ್ಕಿಂತ ದೊಡ್ಡದಿಲ್ಲ. ಅದರ ಕೆಳಗೆ ಒಂದೇ ಬಣ್ಣದ ಸಾಲು. ಹಾಗೇ ಇಳಿಯುತ್ತ ಹೋದರೆ ಜೋಡಿ, ಜೋಡಿಯೂ ಇಲ್ಲದಿದ್ದರೆ ಬರೀ ಕಸ. ಎದುರಿನವನು ಪಣ ಏರಿಸಿದಾಗ ಅಷ್ಟೇ ಪಣ ಕಟ್ಟಿ "ತೋರ್ಸು" ಎನ್ನಬೇಕು, ಇಲ್ಲವೇ ತಾನೂ ಏರಿಸಬೇಕು. ಎರಡೂ ಆಗದಿದ್ದರೆ ಎಲೆ ಒಗೆಯಬೇಕು, ಅಂದರೆ ಕೈಯಲ್ಲಿದ್ದದ್ದನ್ನು ಕೆಳಗೆ ಬಿಸಾಡಬೇಕು. ಒಗೆದವನು ಅಲ್ಲಿಯವರೆಗೆ ಇಟ್ಟದ್ದನ್ನೆಲ್ಲ ಬಿಟ್ಟು ಏಳಬೇಕು.

ಆ ದಿನ ದುರಗಪ್ಪನ ಕೈಗೆ ಬದಾಮಿನ ಒಂಬತ್ತು, ಹತ್ತು, ಗುಲಾಮ ಬಂದಿದ್ದವು; ಒಂದೇ ಬಣ್ಣದ ಸಾಲು. ಜೀವಮಾನದಲ್ಲಿ ಒಮ್ಮೆ ಬರುವ ಎಲೆ. ಹಬ್ಬದ ಅಮಲು, ಸುತ್ತಲೂ ಜನ; ದುರಗಪ್ಪ ತನ್ನ ಅರ್ಧ ಗಿರಣಿಯನ್ನೇ ಪಣಕ್ಕಿಟ್ಟ. ಗಿರಿಯಪ್ಪನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ನನ್ನ ಅರ್ಧಾನೂ ಇಟ್ಟೆ. ಮ್ಯಾಲ ಗರಗದ ಎರಿ ಹೊಲ. ಈಗ ನೀ ಹೇಳು ದುರಗ್ಯಾ" ಎಂದ.

ಸರಿಗಟ್ಟಬೇಕಾದರೆ ದುರಗಪ್ಪ ಮನೆಯನ್ನು ಇಡಬೇಕಿತ್ತು. ಅವನು ಗೆಳೆಯನ ಮುಖವನ್ನು ನೋಡಿದ. ಹುಬ್ಬು ನೋಡಿದ, ಗಂಟಲು ನೋಡಿದ, ಎಲೆ ಹಿಡಿದ ಬೆರಳು ನೋಡಿದ. ಎಲ್ಲಿಯೂ ಏನೂ ಇರಲಿಲ್ಲ. ಮೂರು ಎಕ್ಕಾ ಇದ್ದವನಷ್ಟೇ ಅಷ್ಟು ತಣ್ಣಗೆ ಕೂಡಬಲ್ಲ ಎಂದುಕೊಂಡು ದುರಗಪ್ಪ ಎಲೆ ಒಗೆದ. ಗಿರಿಯಪ್ಪ ಒಂದೊಂದಾಗಿ ತನ್ನವನ್ನು ತಿರುವಿ ಹಾಕಿದ: ಎರಡು, ಆರು, ಒಂಬತ್ತು. ಒಂದರ ಬಣ್ಣ ಒಂದಕ್ಕಿಲ್ಲ. ಅಟ್ಟದ ಮೇಲಿನ ನಗು ಕೆಳಗೆ ಬೀದಿಗೆ ಕೇಳಿತು.

ಸೋತದ್ದನ್ನಾದರೂ ದುರಗಪ್ಪ ಹೇಗೋ ನುಂಗಿಕೊಳ್ಳುತ್ತಿದ್ದ. ನುಂಗಲಾರದೆ ಹೋದದ್ದು ಆಮೇಲಿನ ಪ್ರೀತಿಯನ್ನು. ಮರುದಿನ ಮುಂಜಾನೆ ಗಿರಿಯಪ್ಪ ಮನೆಗೆ ಬಂದು, ಚಹಾ ಕುಡಿದು, ಹೆಗಲ ಮೇಲೆ ಕೈ ಹಾಕಿ ಹೇಳಿದ್ದ: "ಪಾಡ್ಯದ ಪಣ ತಿರಿಗಿ ಕೊಟ್ರ ಲಕ್ಷ್ಮಿ ಮುನಿತಾಳಂತ, ಅದಕ್ಕ ಕೊಡೂದಿಲ್ಲ. ಆದ್ರ ನೀ ಎಂದಿನಂಗ ಬಂದು ಕೂಡ್ರು. ನಾ ಬರೇ ಹೆಸರಿಗಿ ಮಾಲಕ. ನಡಸಾಂವ ನೀನ." ಅಂದಿನಿಂದ ದುರಗಪ್ಪ ಅದೇ ಹಲಗೆಯ ಮೇಲೆ ಕೂತ, ಅದೇ ತಕ್ಕಡಿ ಹಿಡಿದ, ಅದೇ ಜೋಳದ ಹಿಟ್ಟಿನ ಧೂಳು ಕುಡಿದ. ಬದಲಾದದ್ದು ಇಷ್ಟೇ: ಶನಿವಾರಕ್ಕೊಮ್ಮೆ ಗಿರಿಯಪ್ಪ ಅವನ ಅಂಗೈಯಲ್ಲಿ ಪಗಾರ ಇಟ್ಟು ಬೆರಳು ಮಡಚುತ್ತಿದ್ದ, ಸಣ್ಣ ಮಕ್ಕಳಿಗೆ ಜಾತ್ರೆಯ ಖರ್ಚಿಗೆ ಕೊಟ್ಟಂತೆ.

ಈ ವರ್ಷ ಶ್ರಾವಣದಲ್ಲಿ ಅದೂ ಮುಗಿಯುವ ಸೂಚನೆ ಬಂತು. "ದೀಪಾವಳಿ ಆಗ್ಲಿ. ಮುಗದ ಊರಿಂದ ನಮ್ಮ ಅಳಿಯಾ ಬರತಾನ. ಗಿರಣಿ ಅಂವಾ ನೋಡ್ಕೊಳ್ಳಿ. ನಿನಗೂ ಸಾಕಾಗೇತಿ, ನನಗೂ ಸಾಕಾಗೇತಿ" ಎಂದ ಗಿರಿಯಪ್ಪ. ಹೇಳುವಾಗ ಅವನು ದುರಗಪ್ಪನ ಮುಖವನ್ನೂ ನೋಡಲಿಲ್ಲ. ಎಲ್ಲೋ ಭುಜದಾಚೆ ನೋಡುತ್ತಿದ್ದ. ಆ ದಿನವೇ ದುರಗಪ್ಪ ನಿರ್ಧಾರ ಮಾಡಿದ. ಮೋಸದಿಂದ ಹೋದದ್ದನ್ನು ಮೋಸದಿಂದ ತರುವುದರಲ್ಲಿ ಅವನಿಗೆ ಪಾಪ ಕಾಣಲಿಲ್ಲ.

ವರ್ಷಗಟ್ಟಲೆ ಓದಲು ನೋಡಿ ಸೋತ ಮುಖ ಅದು. ಇನ್ನು ಮುಖದ ಗೊಡವೆ ಬೇಡ, ಎಲೆಗಳ ಬೆನ್ನನ್ನೇ ಓದುವುದು ಎಂದುಕೊಂಡ.

ಅವರು ಪ್ರತಿ ವರ್ಷ ಆಡುತ್ತಿದ್ದ ಇಸ್ಪೀಟು ಕಟ್ಟಿನ ಎಲೆಗಳಿಗೆ ನೀಲಿ ಬೆನ್ನು, ಅದರ ತುಂಬ ಬಳ್ಳಿ, ಮೂಲೆಗೊಂದು ಸಣ್ಣ ಹೂವು. ಹುಬ್ಬಳ್ಳಿಯಲ್ಲಿ ಕೊಂಡರೆ ಯಾರಾದರೂ ನೆನಪಿಡುತ್ತಾರೆಂದು ದುರಗಪ್ಪ ಬಸ್ಸು ಹತ್ತಿ ಧಾರವಾಡಕ್ಕೆ ಹೋಗಿ, ಸಂತೆಯ ಗದ್ದಲದಲ್ಲಿ ಅದೇ ಗುರುತಿನ ಕಟ್ಟು ಕೊಂಡು ತಂದ. ಚಹಾದ ಕಿಟಲಿಯ ಹಬೆ ಹಿಡಿದಾಗ ಮೇಲಿನ ಮುದ್ರೆಯ ಚೀಟಿ ಹರಿಯದೆ ಬಿಟ್ಟುಕೊಂಡಿತು. ಬರೆಯುವ ಮಸಿಗೆ ಹೆಂಡತಿ ರುಕ್ಮವ್ವ ಅರಿವೆಗೆ ಹಾಕುವ ನೀಲಿ ಕೂಡಿಸಿ, ಬೆರಳ ಉಗುರಿನ ಮೇಲೆ ಹಚ್ಚಿ ಹಚ್ಚಿ ನೋಡಿ, ಬೆನ್ನಿನ ಬಣ್ಣಕ್ಕೆ ಹೊಂದಿಸಿದ. ಕಡ್ಡಿಗೆ ಸಿಕ್ಕಿಸಿದ ಸೂಜಿಯೇ ಅವನ ಕುಂಚ. ಹೂವಿನ ಯಾವ ಎಸಳು ತುಂಬಿದೆಯೋ ಅದರ ಮೇಲೆ ಎಲೆ ಯಾವುದೆಂದು ತಿಳಿಯಬೇಕು. ಬಳ್ಳಿಯ ಕುಡಿ ದಪ್ಪಗಾದದ್ದು ಬಣ್ಣವನ್ನು ಹೇಳಬೇಕು. ಈ ಕೆಲಸವನ್ನು ಅವನು ಹಗಲಿನಲ್ಲಿಯೇ ಮಾಡಿದ, ಮಧ್ಯಾಹ್ನ ಗಿರಣಿಯ ಪಟ್ಟಾ ನಿಂತಾಗ, ಅಟ್ಟದ ಕಿಟಕಿಯ ಹತ್ತಿರ ಚೀಲಗಳ ಮರೆಯಲ್ಲಿ. ಲಾಟೀನಿನ ಬೆಳಕು ಬಣ್ಣವನ್ನು ಬೇರೆ ಮಾಡಿ ತೋರಿಸುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಹಿಟ್ಟಿನ ಧೂಳು ಕೂತರೆ ಮಸಿ ಹರಡುತ್ತದೆ ಎಂಬುದೂ ಗೊತ್ತಿತ್ತು. ಒಂದೊಂದು ಎಲೆಯನ್ನೂ ಹಳೆಯ ರೇಷ್ಮೆಯ ಚೂರಿನಿಂದ ಒರೆಸಿ ಮಡಗಿದ. ಎಲ್ಲ ಮುಗಿದ ಮೇಲೆ ಕಟ್ಟನ್ನು ತನ್ನ ಮುಂದೆ ತೋಳಳತೆಯಲ್ಲಿಟ್ಟು ನೋಡಿದಾಗ ಅವನಿಗೇ ಗುರುತು ಹುಡುಕುವುದು ಕಷ್ಟವಾಯಿತು. ಆಗ ಅವನಿಗೆ ತನ್ನ ಕೈಯ ಮೇಲೆ ಮೊದಲ ಸಲ ಅಭಿಮಾನ ಹುಟ್ಟಿತು. ಎಲೆಗಳನ್ನು ತುಂಬಿ ಮುದ್ರೆಯ ಚೀಟಿಯನ್ನು ಮೊದಲಿದ್ದಂತೆಯೇ ಅಂಟಿಸಿದ.

ಇನ್ನೂ ಚಂದವಾದದ್ದು ಕಟ್ಟು ಅದಲುಬದಲಾಗುವ ರೀತಿ. ಆಟದ ಕಟ್ಟನ್ನು ಪ್ರತಿ ವರ್ಷ ತರುವವನು ಗಿರಿಯಪ್ಪನೇ. ಅಮಾವಾಸ್ಯೆಯ ದಿನ ದುರ್ಗದಬೈಲಿನ ಅಂಗಡಿಯಿಂದ ತಂದು, ತಕ್ಕಡಿ ಕಲ್ಲುಗಳ ಜೊತೆ ಲಕ್ಷ್ಮಿಯ ಮುಂದೆ ಇಡುತ್ತಿದ್ದ. ಪೂಜೆಗೆ ಬಂದವರೆಲ್ಲ ಅದನ್ನು ನೋಡುತ್ತಿದ್ದರು. ಪಾಡ್ಯದ ಮುಂಜಾನೆ ಗಿರಣಿಯ ಬಾಗಿಲು ತೆಗೆದು ಹೂವು ಎತ್ತುವವನು ದುರಗಪ್ಪ. ಆ ಹೊತ್ತಿಗೆ ಇದನ್ನು ಇಟ್ಟು ಅದನ್ನು ಎತ್ತಿಕೊಂಡರೆ ಮುಗಿಯಿತು. ಎಣ್ಣೆಸ್ನಾನಕ್ಕೆಂದು ಮನೆ ಮನೆಯಲ್ಲಿ ನೀರೊಲೆ ಉರಿಯುವ ದಿನ. ಗಿರಿಯಪ್ಪನ ಕಟ್ಟು ಅಲ್ಲಿ ಬೂದಿಯಾಗುತ್ತದೆ. ಅಕಸ್ಮಾತ್ ಗುರುತು ಯಾರ ಕಣ್ಣಿಗಾದರೂ ಬಿದ್ದರೆ? ಕಟ್ಟು ತಂದವನು ಗಿರಿಯಪ್ಪ. ಅಂಗಡಿಯವನು ಹೇಳುತ್ತಾನೆ, ಊರೆಲ್ಲ ಹೇಳುತ್ತದೆ. ಆಮೇಲೆ ಹಳೆಯ ಪಾಡ್ಯದ ಆಟವೂ ಎಲ್ಲರ ನೆನಪಿಗೆ ಬರುತ್ತದೆ. ಈ ಯೋಚನೆ ಎಷ್ಟು ಸಿಹಿಯಾಗಿತ್ತೆಂದರೆ, ಗುರುತು ಸಿಕ್ಕರೂ ಕೆಟ್ಟದ್ದೇನಲ್ಲ ಎಂದು ದುರಗಪ್ಪ ಕೆಲವೊಮ್ಮೆ ಅಂದುಕೊಳ್ಳುತ್ತಿದ್ದ.

ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ಪಾಡ್ಯದ ಮುಂಜಾನೆ ನೀರೊಲೆಯಲ್ಲಿ ನೀಲಿ ಬೆನ್ನಿನ ಎಲೆಗಳು ಒಂದೊಂದಾಗಿ ಸುರುಳಿ ಸುತ್ತಿ ಕಪ್ಪಾದವು. ಅವನು ಮೈಮೇಲೆ ಬಿಸಿನೀರು ಸುರಿದುಕೊಂಡು ಹೊರಗೆ ಬಂದಾಗ ರುಕ್ಮವ್ವ ಹೊಸ್ತಿಲಲ್ಲಿ ಹಬ್ಬಕ್ಕೆ ಸಗಣಿಯಲ್ಲಿ ಮಾಡಿದ ಪಾಂಡವರನ್ನು ಕೂಡಿಸಿ ಚೆಂಡುಹೂವು ಸಿಗಿಸುತ್ತಿದ್ದಳು.

"ಇವತ್ತ ಎಲಿ ಮುಟ್ಟತೀರೇನ್ರಿ?" ತಲೆ ಎತ್ತದೆ ಕೇಳಿದಳು.

"ಹುಣಸಿಬೀಜಕ್ಕ ಆಡತೇವಿ. ವರ್ಷಾ ಆಡೂದಿಲ್ಲೇನು?"

"ಹುಣಸಿಬೀಜಕ್ಕ ಆದ್ರ ಆಡ್ರಿ. ಈ ಮನಿ ನಮ್ಮವ್ವ ಮಂದಿ ಮನಿ ಪಾತ್ರಿ ತಿಕ್ಕಿ ಉಳಿಸಿದ್ದು. ಸಾಯೂಮುಂದ ನಿಮ್ಮ ಹೆಸರಿಗಿ ಬರದ್ಲು, ಅಳಿಯಾ ಛಲೋ ಮನಶ್ಯಾ ಅಂತ. ಅಷ್ಟ ನೆಪ್ಪ ಇರ್ಲಿ."

"ನೆಪ್ಪ ಐತಿ" ಎಂದ ದುರಗಪ್ಪ. ಆ ಮಾತು ಸುಳ್ಳೂ ಆಗಿರಲಿಲ್ಲ. ಮನೆಗೆ ಏನೂ ಆಗುವುದಿಲ್ಲ ಎಂದು ಅವನಿಗೆ ಖಾತ್ರಿಯಿತ್ತು. ಎದುರಿನವನ ಎಲೆ ಗೊತ್ತಿದ್ದವನಿಗೆ ಸೋಲು ಎಲ್ಲಿಂದ ಬರಬೇಕು?

ಊಟದ ಮೇಲೆ ನಾಲ್ವರು ಅಟ್ಟದ ಮೇಲೆ ಕೂಡಿದರು. ಮೆಣಸಿನಕಾಯಿ ವ್ಯಾಪಾರದ ಮಕಬೂಲಸಾಬ ಎಂದಿನಂತೆ ಮೂರನೆಯ ಆಟಗಾರ. ಅವನ ಖಾರದ ಪುಡಿಯೆಲ್ಲ ಈ ಗಿರಣಿಯಲ್ಲಿಯೇ ಕುಟ್ಟಿಸುವುದು. ಶಾಂತಯ್ಯ ಎಲೆ ಮುಟ್ಟುತ್ತಿರಲಿಲ್ಲ. ಓಣಿಯ ಮಠದ ಅಯ್ಯನವರು, ವಯಸ್ಸಾದವರು. ಅವರ ಎದುರು ಆಡಿದ ಪಣದ ಮಾತನ್ನು ಯಾರೂ ತಿರುಗಿಸುತ್ತಿರಲಿಲ್ಲ. ಅವರು ಗೋಡೆಗೆ ಆತು ಕೂತು ಶಂಕರಪಾಳಿ ಬಾಯಿಗೆ ಹಾಕಿಕೊಂಡರು. ದುರಗಪ್ಪ ಮೊದಲೇ ಬಂದು ಕಿಟಕಿಗೆ ಬೆನ್ನು ಮಾಡಿ ಕೂತಿದ್ದ. ಬೆಳಕು ಅವನ ಹಿಂದಿನಿಂದ ಬಂದು, ಎದುರಿಗೆ ಕೂತ ಗಿರಿಯಪ್ಪನ ಕೈಯೊಳಗಿನ ಎಲೆಗಳ ಬೆನ್ನ ಮೇಲೆ ನೆಟ್ಟಗೆ ಬೀಳುತ್ತಿತ್ತು.

ಗಿರಿಯಪ್ಪ ತಾನೇ ಮುದ್ರೆ ಹರಿದು ಕಟ್ಟು ಬಿಚ್ಚಿದ. 

ಮೊದಲ ಕೆಲವು ಆಟ ಅವನು ಬೇಕೆಂದೇ ಸೋತ. ಎಲೆಗಳು ಅವನ ಜೊತೆ ಮಾತಾಡುತ್ತಿದ್ದವು: ಮಕಬೂಲಸಾಬನ ಹತ್ತಿರ ಎಂಟರ ಜೋಡಿ, ಗಿರಿಯಪ್ಪನ ಹತ್ತಿರ ಕಸ. ಇಷ್ಟು ಸುಖವಾದ ಆಟವನ್ನು ಅವನು ಎಂದೂ ಆಡಿರಲಿಲ್ಲ. ಕಾಯಬೇಕಾದದ್ದು ಒಂದೇ ಗಳಿಗೆಗಾಗಿ: ಗಿರಿಯಪ್ಪನಿಗೆ ಒಳ್ಳೆಯ ಎಲೆ ಬರಬೇಕು, ತನಗೆ ಅದಕ್ಕಿಂತ ಒಂದು ತೂಕ ಹೆಚ್ಚಿನದು ಬರಬೇಕು.

ಆ ಗಳಿಗೆ ಬರಲಿಲ್ಲ. ತನಗೆ ಸಾಲು ಬಂದಾಗ ಗಿರಿಯಪ್ಪನಿಗೆ ಕಸ ಬಂದು ಅವನು ಕೂಡಲೇ ಎಲೆ ಒಗೆದ. ಗಿರಿಯಪ್ಪನಿಗೆ ಒಂದೇ ಬಣ್ಣದ ಮೂರು ಬಂದಾಗ ತನ್ನ ಕೈಯಲ್ಲಿ ಜೋಡಿಯೂ ಇರಲಿಲ್ಲ. ಗುರುತುಗಳು ಯಾರ ಹತ್ತಿರ ಏನಿದೆ ಎಂದು ಹೇಳುತ್ತಿದ್ದವು, ಅಷ್ಟೆ. ತನಗೆ ಏನು ಬರಬೇಕು ಎಂಬುದು ಅವುಗಳ ಕೈಯಲ್ಲಿರಲಿಲ್ಲ. ಇಷ್ಟು ಸಾದಾ ಸಂಗತಿ ತಿಂಗಳುಗಟ್ಟಲೆ ತಲೆಗೆ ಹೊಳೆದಿರಲಿಲ್ಲವಲ್ಲ ಎಂದು ದುರಗಪ್ಪನಿಗೆ ಕಸಿವಿಸಿಯಾಯಿತು. ಹೊತ್ತು ಇಳಿಯಿತು. ಕೆಳಗೆ ಓಣಿಯಲ್ಲಿ ಹೆಣ್ಣುಮಕ್ಕಳು ಆರತಿಗೆ ಹಣತೆ ಜೋಡಿಸುವ ಸದ್ದು ಶುರುವಾಯಿತು.

"ಆರತಿ ಹೊತ್ತಾತಪಾ. ಇದ ಕಡೀ ಆಟ" ಎಂದರು ಶಾಂತಯ್ಯ.

ಮಕಬೂಲಸಾಬ ಎಲೆ ಕಲಸಿ ಹಂಚಿದ. ದುರಗಪ್ಪ ಮೊದಲು ಎದುರಿನ ಬೆನ್ನುಗಳನ್ನು ಓದಿದ: ರಾಜಾ, ರಾಜಾ, ಗುಲಾಮ. ಆಮೇಲೆ ತನ್ನವನ್ನು ಎತ್ತಿ ನೋಡಿದ. ಮೂರು, ಐದು, ಒಂಬತ್ತು. ಬಣ್ಣವೂ ಕೂಡಿಲ್ಲ. ಮಕಬೂಲಸಾಬ "ನಮ್ಮದು ಮುಗೀತು" ಎಂದು ಎಲೆ ಒಗೆದು ಬೀಡಿ ಹಚ್ಚಿದ.

ಒಗೆಯಬೇಕು. ಎಲೆ ಬಲ್ಲ ಯಾವನಾದರೂ ಅದನ್ನೇ ಹೇಳುತ್ತಾನೆ. ಒಗೆದರೆ ಕೆಳಗಿಳಿದು ಆರತಿ ಮಾಡಿಸಿಕೊಳ್ಳಬೇಕು, ನಾಳೆ ತಕ್ಕಡಿ ಹಿಡಿಯಬೇಕು, ಮುಂದಿನ ವಾರ ಮುಗದದ ಅಳಿಯನಿಗೆ ಚೀಲಗಳ ಲೆಕ್ಕ ಒಪ್ಪಿಸಿ ಹೊರಗೆ ನಿಲ್ಲಬೇಕು. ಆಮೇಲೆ ಈ ಅಟ್ಟದ ಮೇಲೆ ಅವನನ್ನು ಕರೆಯುವವರು ಯಾರು? ಪಾನಂಗಡಿಯವನ ಮೀಸೆಯ ಕೆಳಗಿನ ನಗು ಮಾತ್ರ ಉಳಿಯುತ್ತದೆ, ಸಾಯುವವರೆಗೆ.

ಒಗೆಯದಿದ್ದರೆ? ದುರಗಪ್ಪ ಗಿರಿಯಪ್ಪನನ್ನು ತೂಗಿ ನೋಡಿದ. ಆ ಒಂದು ಪಾಡ್ಯದ ಮೇಲೆ ಈ ಮನುಷ್ಯ ಮತ್ತೆ ಹುಸಿ ಆಡಿದ್ದನ್ನು ಅವನು ಕಂಡಿರಲಿಲ್ಲ. ಗೆದ್ದದ್ದನ್ನು ಕಾಯುವವನ ಪುಕ್ಕಲುತನ ಅವನೊಳಗೆ ಸೇರಿಕೊಂಡಿತ್ತು. ಜೋಡಿ ಬಂದರೆ ಸ್ವಲ್ಪ ದೂರ ಬರುತ್ತಿದ್ದ. ಪಣ ಭಾರವಾಯಿತೆಂದರೆ ಪ್ರತಿ ಸಲವೂ, ತಪ್ಪದೆ, ಒಗೆಯುತ್ತಿದ್ದ. ರಾಜನ ಜೋಡಿ ಅದಕ್ಕೆ ಹೇಳಿ ಮಾಡಿಸಿದ ಎಲೆ. ಅರ್ಧ ಗಿರಣಿ ಇಡುವಷ್ಟು ಧೈರ್ಯ ಕೊಡುತ್ತದೆ, ಪೂರಾ ಗಿರಣಿ ಇಡುವಷ್ಟು ಕೊಡುವುದಿಲ್ಲ. ಅಂದು ತನ್ನನ್ನು ಯಾವ ದಾರಿಯಲ್ಲಿ ಕರೆದುಕೊಂಡು ಹೋಗಿದ್ದನೋ ಅದೇ ದಾರಿಯಲ್ಲಿ ಇವನನ್ನು ಕರೆದುಕೊಂಡು ಹೋಗಬೇಕು. ಹೀಗೆ ಯೋಚಿಸಿದಾಗ, ಒಳ್ಳೆಯ ಎಲೆ ಬರದೆ ಹೋದದ್ದೇ ಒಳ್ಳೆಯದಾಯಿತು ಎಂದೂ ದುರಗಪ್ಪನಿಗೆ ಅನಿಸಿತು. ಕಸ ಹಿಡಿದು ಗೆದ್ದು, ಆ ಕಸವನ್ನು ಒಂದೊಂದಾಗಿ ತಿರುವಿ ತೋರಿಸಬೇಕು. ಆಗ ಲೆಕ್ಕ ಸರಿಹೋಗುತ್ತದೆ.

"ಅಯ್ಯಾರ, ಹುಣಸಿಬೀಜ ಸಾಕಾತು" ಎಂದ. ದನಿ ಅವನು ಬಯಸಿದ್ದಕ್ಕಿಂತ ಚೆನ್ನಾಗಿ ಬಂತು. "ಗಿರಣಿ ಬಾಜೂಕಿನ ನಮ್ಮ ಹಿತ್ತಲಾ ಇಡತೇನಿ. ಗೋದಾಮ ಕಟ್ಟಬೇಕಂತ ಇಂವಾ ಭಾಳ ದಿವಸದಿಂದ ಕೇಳಾಕತ್ತಾನ. ಅದರ ಎದುರಿಗಿ ನನ್ನ ಅರ್ಧಾ ಗಿರಣಿ ಇಡ್ಲಿ."

ಶಾಂತಯ್ಯನ ಕೈಯೊಳಗಿನ ಶಂಕರಪಾಳಿ ಬಾಯಿಗೆ ಹೋಗದೆ ನಿಂತಿತು. "ದುರಗಪ್ಪಾ, ಹಬ್ಬದ ದಿವಸ ಇದೆಲ್ಲಾ ಯಾಕಪಾ?"

"ಹಬ್ಬದ ದಿವಸನ ಹೋಗಿದ್ದಲ್ರೀ ಅದು?"

ಗಿರಿಯಪ್ಪ ನಿಧಾನಿಸುತ್ತಾನೆ, ಎಲೆ ಮತ್ತೆ ನೋಡುತ್ತಾನೆ, ಗಲ್ಲ ಕೆರೆದುಕೊಳ್ಳುತ್ತಾನೆ ಎಂದು ದುರಗಪ್ಪ ಎಣಿಸಿದ್ದ. ಅವನು ಅದೇನನ್ನೂ ಮಾಡದೆ, "ಆತು. ನಿನ್ನ ಅರ್ಧಾ ಇಟ್ಟೆ" ಎಂದುಬಿಟ್ಟ. ಇಷ್ಟು ಬೇಗ ಬಂದ ಒಪ್ಪಿಗೆಗೆ ದುರಗಪ್ಪ ಒಂದು ಕ್ಷಣ ಬೆರಗಾದ. ರಾಜನ ಜೋಡಿಯ ಮದ ಎಂದುಕೊಂಡ. ಮದ ಎಷ್ಟಿದ್ದರೆ ಅಷ್ಟು ಒಳ್ಳೆಯದು.

"ಮ್ಯಾಲ ನನ್ನ ಮನಿ. ನೀ ನಿನ್ನ ಅರ್ಧಾನೂ ಇಡು, ಇಲ್ಲಾ ಎಲಿ ಒಗಿ."

ಕೆಳಗೆ ಯಾರೋ ನಗುತ್ತ ಹಣತೆಗೆ ಎಣ್ಣೆ ಬೇಡಿದರು. ರುಕ್ಮವ್ವನ ದನಿಯೂ ಆ ಗುಂಪಿನಲ್ಲಿತ್ತು. ದುರಗಪ್ಪ ಅದನ್ನು ಕೇಳಿಸಿಕೊಳ್ಳದಂತೆ ಕೂತ.

ಈಗ ಗಿರಿಯಪ್ಪ ಎಲೆ ಎತ್ತಿದ. ಹತ್ತಿರ ಹಿಡಿದು ನೋಡಿದ. ದೂರ ಹಿಡಿದು ನೋಡಿದ. ಕಿಟಕಿಯ ಬೆಳಕಿಗೆ ಓರೆ ಮಾಡಿ ನೋಡಿದ, ಕಣ್ಣು ಮುಚ್ಚಿ ತೆರೆದ. ಹಣೆಯ ಮೇಲೆ ಗೆರೆ ಮೂಡಿತು. ಅಂಜಿದ್ದಾನೆ! ವರ್ಷಗಟ್ಟಲೆ ಕಾಯ್ದ ಗೆರೆ ಕೊನೆಗೂ ಆ ಮುಖದ ಮೇಲೆ ಬಂದಿತ್ತು. ಇನ್ನು ಒಂದೇ ಉಸಿರು; ಎಲೆ ನೆಲಕ್ಕೆ ಬೀಳುತ್ತದೆ.

ಗಿರಿಯಪ್ಪ ಎಲೆಗಳನ್ನು ಮಡಚಿ ಬೋರಲಾಗಿ ತೊಡೆಯ ಮುಂದೆ ಇಟ್ಟ.

"ದುರಗ್ಯಾ, ಮನಿ ಹಿಂದಕ್ಕ ತಗೋ" ಎಂದ. ದನಿ ತಗ್ಗಿತ್ತು. "ನನ್ನ ಹತ್ರ ಮೂರು ರಾಜಾ ಅದಾವ. ಲಕ್ಷ್ಮಿ ಮ್ಯಾಲ ಆಣಿ ಮಾಡಿ ಹೇಳತೇನಿ. ಆ ವರ್ಷ ನಾ ಆಡಿದ್ದು ತಪ್ಪ ಆತು, ಇವತ್ತ ಹಂಗ ಇಲ್ಲ. ನೀ ಎಲಿ ಒಗಿ. ಹಿತ್ತಲಾನೂ ನಿನಗ ಬಿಟ್ಟೆ, ಅಯ್ಯಾರ ಎದುರಿಗಿ ಹೇಳೇನಿ. ಆರತಿ ಮಾಡಿಸ್ಕೊಂಡು ಮನಿಗಿ ಹೋಗೂಣು."

"ಭಾಳ ಆತು ದುರಗಪ್ಪಣ್ಣ" ಎಂದ ಮಕಬೂಲಸಾಬ. "ಇದಕ್ಕಿಂತ ಏನ್ ಬೇಕು? ಒಗೀರಿ."

ದುರಗಪ್ಪ ಗಿರಿಯಪ್ಪನ ಮುಖವನ್ನು ನೋಡಿದ. ಗೆರೆ ಮಾಯವಾಗಿತ್ತು. ಅಂದಿನ ಅದೇ ಮುಖ. ಅದೇ ತಣ್ಣನೆಯ ಹಣೆ, ಅಲುಗದ ಗಂಟಲು. ಕೈಯಲ್ಲಿ ಎರಡು ರಾಜಾ, ಒಂದು ಗುಲಾಮ ಹಿಡಿದವನು ದೇವರ ಮೇಲೆ ಆಣೆಯಿಟ್ಟು ಮೂರು ರಾಜಾ ಎನ್ನುತ್ತಿದ್ದಾನೆ! ಹಿಂದೊಮ್ಮೆ ಮುಖದಿಂದ ಹೇಳಿದ ಸುಳ್ಳನ್ನು ಇವತ್ತು ಬಾಯಿಂದಲೇ ಹೇಳುತ್ತಿದ್ದಾನೆ. ಮೇಲೆ ಕರುಣೆಯ ಲೇಪ ಬೇರೆ. ಅಂದು ಮುಖ ಓದಲು ಬಾರದೆ ಮೋಸ ಹೋದೆ. ಇಂದು ಕಣ್ಣೆದುರಿಗೆ ಸತ್ಯ ಬರೆದಿದೆ, ಮೂರನೆಯ ಎಲೆಯ ಹೂವಿನ ಕೆಳಗಿನ ಎಸಳು ತುಂಬಿದೆ. ಅದು ಗುಲಾಮ. ಸುಳ್ಳು ಹೇಳುವವನಿಗೆ ಎಲೆಯ ಬಲ ಇರುವುದಿಲ್ಲ. ಇವನು ನನ್ನಿಂದ ಒಗೆಸಲು ನೋಡುತ್ತಿದ್ದಾನೆ, ಯಾಕೆಂದರೆ ತೋರಿಸು ಎನ್ನಲು ಅವನಿಗೆ ಎದೆಯಿಲ್ಲ.

ಒಂದೇ ಒಂದು ಸಲ, ಬಹಳ ಸಣ್ಣಗೆ, ಬೇರೆ ಒಂದು ಮಾತು ಅವನ ಒಳಗೆ ಎದ್ದಿತು: ಸುಳ್ಳಾದರೂ ಇರಲಿ, ಅವನ ಎರಡು ರಾಜಾ ನಿನ್ನ ಕಸಕ್ಕಿಂತ ದೊಡ್ಡವು, ಬಿಟ್ಟುಕೊಟ್ಟದ್ದನ್ನು ತಗೊಂಡು ಏಳು. ದುರಗಪ್ಪ ಏಳಲು ಹೋದನೋ ಏನೋ, ಮಂಡಿ ಸ್ವಲ್ಪ ಸರಿಯಿತು. ಅಷ್ಟರಲ್ಲಿ ಆ ಮಾತು ನೆನಪಾಯಿತು. ಎಲಿ ಒಗದ ದುರಗಪ್ಪ. ಎರಡನೆಯ ಸಲ ಒಗೆದರೆ ಅವನಿಗೆ ಯಾವ ಹೆಸರು ಇಡುತ್ತಾರೆ?

"ನಾ ಒಗಿಯೂದಿಲ್ಲ" ಎಂದ. "ಇಡು, ಇಲ್ಲಾ ನೀನ ಒಗಿ."

ಗಿರಿಯಪ್ಪ ಬೋರಲಿಟ್ಟ ಎಲೆಗಳ ಮೇಲೆ ಅಂಗೈ ಒತ್ತಿದ. ಆಮೇಲೆ ಉಸಿರು ಬಿಟ್ಟ. "ಆತಪಾ. ನನ್ನ ಅರ್ಧಾನೂ ಐತಿ. ಅಯ್ಯಾರ, ಕೇಳಿದ್ರಲ್ಲ? ನಾ ಹೇಳೂದು ಹೇಳೇನಿ. ದುರಗ್ಯಾ, ತೋರ್ಸು."

ತನ್ನ ಕೈ ಎಲೆಗಳನ್ನು ತಿರುವುತ್ತಿರುವುದನ್ನು ದುರಗಪ್ಪ ಬೇರೆ ಯಾರದೋ ಕೈಯಂತೆ ನೋಡಿದ. ಮೂರು. ಐದು. ಒಂಬತ್ತು. ಮಕಬೂಲಸಾಬ ನಾಲಿಗೆಯಿಂದ ಲೊಚ್ ಎಂದ. ಶಾಂತಯ್ಯ "ಶಿವನೇ" ಎಂದು ಕಣ್ಣು ಮುಚ್ಚಿದರು. ಗಿರಿಯಪ್ಪ ತನ್ನ ಎಲೆಗಳನ್ನು ತಿರುವಲೂ ಇಲ್ಲ. ಅವು ಬೋರಲಾಗಿಯೇ ಬಿದ್ದಿದ್ದವು.

"ಮೂರು ರಾಜಾ ಅಂತ ಹೇಳಿದ್ದೆನಲ್ಲೋ, ಹುಚ್ಚಾ" ಎಂದ ಗಿರಿಯಪ್ಪ, ಅಳುವವನ ಹಾಗೆ.

"ಆಣಿ ಮಾಡಿ ಹೇಳಿದ್ನಲ್ರಿ ಪಾಪ" ಎಂದ ಮಕಬೂಲಸಾಬ. "ಮೂರು ರಾಜಾ ಇದ್ದಾಗ ಯಾರೇನ್ ಮಾಡಾಕ ಆಗತೈತಿ?"

ಎರಡು ರಾಜಾ ಆದರೂ ಸೋಲು ಅಷ್ಟೇ ಎಂಬುದು ದುರಗಪ್ಪನಿಗೆ ತಿಳಿಯದ್ದೇನಲ್ಲ. ಆದರೆ ನಾಳೆ ಊರು ಏನು ಹೇಳುತ್ತದೆ ಎಂಬುದು ಅವನ ಕಿವಿಗೆ ಆಗಲೇ ಕೇಳುತ್ತಿತ್ತು: ಗಿರಿಯಪ್ಪ ಸತ್ಯವಂತ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಎಚ್ಚರಿಸಿದ, ಈ ಹುಂಬ ಕೇಳಲಿಲ್ಲ. ಗಿರಣಿ ಹೋಗಲಿ, ಮನೆ ಹೋಗಲಿ, ಆ ಸುಳ್ಳೂ ಗೆದ್ದು ಹೋಗಬೇಕೆ? ಅವನು ಎದ್ದು ನಿಂತು, ಬೋರಲು ಬಿದ್ದ ಎಲೆಗಳ ಕಡೆ ಬೆರಳು ಮಾಡಿ ಕೂಗಿದ:

"ಸುಳ್ಳು! ಎರಡ ರಾಜಾ ಇರೂದು! ಮೂರನೇದು ಗುಲಾಮ ಐತಿ, ಕಿಲಾವರದ ಗುಲಾಮ!"

ಶಾಂತಯ್ಯ ಮುಂದೆ ಬಾಗಿ ಎಲೆಗಳನ್ನು ಒಂದೊಂದಾಗಿ ತಿರುವಿ ಹೆಸರು ಹೇಳಿದರು. ರಾಜಾ. ರಾಜಾ. ಕಿಲಾವರದ ಗುಲಾಮ. ಗಿರಿಯಪ್ಪ "ಏನಂದ್ರಿ?" ಎಂದು ಆ ಗುಲಾಮನನ್ನು ಎತ್ತಿ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದ, ಹೆಬ್ಬೆರಳಿನಿಂದ ಚಿತ್ರವನ್ನು ಒರೆಸಿ ಮತ್ತೆ ನೋಡಿದ. "ರಾಜಾನ ಅನ್ಕೊಂಡಿದ್ನಲ್ಲರೀ ಅಯ್ಯಾರ... ಖರೇನ ಮೂರೂ ರಾಜಾ ಅನ್ಕೊಂಡಿದ್ದೆ. ಹೋದ ವರ್ಷದಿಂದ ಎರಡೂ ಕಣ್ಣಿಗಿ ಪೊರಿ ಬೆಳೆಯಾಕತ್ತೈತಿ ಅಂತ ಡಾಕ್ಟರ್ ಹೇಳ್ಯಾರ. ಬೆಳಕಿಗಿ ಎದುರ ಕೂತ್ರಂತೂ ಎಲ್ಲಾ ಮಂಜ ಮಂಜ" ಎಂದ, ನಾಚಿಕೊಂಡು. ಕಟ್ಟು ತಂದಾಂವ ಅಂವಾ, ಗುರುತು ಹಾಕಿದಾಂವನೂ ಅಂವನ, ಎಂದು ಹೇಳಲು ಬಾಯಿ ತೆರೆದಿದ್ದ ದುರಗಪ್ಪ ಹಾಗೆಯೇ ನಿಂತ. ರಾಜನಿಗೂ ಗುಲಾಮನಿಗೂ ಭೇದ ಕಾಣದ ಆ ಕಣ್ಣು ಸೂಜಿಮೊನೆಯ ಗುರುತನ್ನು ಬರೆಯಿತು ಅಂದರೆ ನಂಬುವವರು ಯಾರು? ಮಕಬೂಲಸಾಬ ಬೀಡಿ ಆರಿಸಿ, ಗಿರಿಯಪ್ಪನ ಬೆರಳುಗಳಿಂದ ಆ ಎಲೆಯನ್ನು ಮೆಲ್ಲಗೆ ಬಿಡಿಸಿಕೊಂಡು, ಅದರ ನೀಲಿ ಬೆನ್ನನ್ನು ಕಿಟಕಿಯ ಕಡೆ ಹಿಡಿದ.